ಪರಊರಿನ ಗೋಲು

ಅದು ಶುರುವಾದದ್ದು ಎರಡು ಸಾವಿರದ ಇಪ್ಪತ್ತೆರಡನೆಯ ಇಸವಿಯಲ್ಲಿ, ಶಿವರಾತ್ರಿ ಇನ್ನೆರಡು ದಿನ ಇದೆ ಎನ್ನುವಾಗ, ಭಾನುವಾರ ಇಳಿಹೊತ್ತು ನಾಲ್ಕು ಗಂಟೆಗೆ. ಕಡಲೆ ಕಿತ್ತು ಒಕ್ಕಿಯಾಗಿತ್ತು. ಯರಗುಪ್ಪಿಯ ಹೊರಗೆ ಲಕ್ಷ್ಮಣಪ್ಪನ ಎರಿ ಹೊಲ ಬರಿದಾಗಿ ಬಿದ್ದಿತ್ತು. ಊರ ಹುಡುಗರು ನಾಲ್ಕು ದಿನ ಬಡಿದಾಡಿ ನೆಲದ ಬಿರುಕುಗಳಿಗೆ ಕಡಲೆ ಹೊಟ್ಟು ತುಂಬಿ, ಮೇಲೆ ಮಣ್ಣೆಳೆದು, ನೀರು ಚಿಮುಕಿಸಿ ತುಳಿದಿದ್ದರು. ಹಾಗೆ ಮಾಡದಿದ್ದರೆ ಕರಿ ಮಣ್ಣು ಓಡುವವನ ಕಾಲನ್ನು ಹಿಮ್ಮಡಿಯ ತನಕ ನುಂಗಿಬಿಡುತ್ತಿತ್ತು.

ಯರಗುಪ್ಪಿಗೂ ಮೊರಬಕ್ಕೂ ಅಂದು ಫುಟ್‌ಬಾಲ್ ಇತ್ತು. ಒಡ್ಡಿನ ಮೇಲೆ, ಜಾಲಿಯ ನೆರಳಿನಲ್ಲಿ ಕಂಬಳಿ ಹಾಸಿಕೊಂಡು ಎರಡೂ ಊರಿನ ಹಿರಿಯರು ಕೂತಿದ್ದರು. ಒಬ್ಬ ಲಕ್ಷ್ಮಣಪ್ಪ. ಇನ್ನೊಬ್ಬ ಮೊರಬದಿಂದ ಹುಡುಗರನ್ನು ಟೆಂಪೊದಲ್ಲಿ ತುಂಬಿಕೊಂಡು ಬಂದ ಇನಾಯತ್. ಇಬ್ಬರ ನಡುವೆ ಎರಡು ಕಿವಿಯ ಹಿತ್ತಾಳೆ ಕೊಡ. ಗೆದ್ದ ಊರು ಅದನ್ನು ಒಂದು ವರ್ಷ ಇಟ್ಟುಕೊಳ್ಳಬೇಕು.

ಇಬ್ಬರೂ ಹರೆಯದಲ್ಲಿ ಗೋವಾಕ್ಕೆ ದುಡಿಯಲು ಹೋದವರು. ವಾಸ್ಕೊದ ಬಂದರಿನಲ್ಲಿ ಹತ್ತು ವರ್ಷ ಅದಿರು ತುಂಬಿದರು. ಒಂದೇ ತಗಡಿನ ಗುಡಿಸಲು, ಒಂದೇ ತಾಟು. ಊರಲ್ಲಿ ಲಕ್ಷ್ಮಣಪ್ಪನಿಗೆ ಚಹಾದ ಅಂಗಡಿಯವನು ಬಟ್ಟಲು ಬೇರೆ ಇಟ್ಟಿದ್ದ ಕಾಲ ಅದು. ಅಲ್ಲಿ ಗುಡಿಸಲಿನಲ್ಲಿ ಇನಾಯತ್ ತಾನು ಅರ್ಧ ಕುಡಿದ ಬಟ್ಟಲನ್ನೇ ಅವನ ಕೈಗೆ ಕೊಡುತ್ತಿದ್ದ. ಹೊರಗೆ ಮಾತ್ರ ಇಬ್ಬರಿಗೂ ಒಂದೇ ಹೆಸರು, ಘಾಟಿ. ಘಟ್ಟ ಇಳಿದು ಬಂದವರಿಗೆಲ್ಲ ಅಲ್ಲಿಯವರು ಹಾಗೆ ಅನ್ನುತ್ತಿದ್ದರು. ಎಷ್ಟು ದುಡಿದರೂ ಊರಿನವನ ದುಡಿತದ ಮುಂದೆ ಘಾಟಿಯ ದುಡಿತ ಒಂದು ತೂಕ ಕಡಿಮೆಯೇ.

ಬಂದರಿನ ಕ್ಯಾಂಟೀನು ಜುಜೆ ಎಂಬವನದು. ಅವನ ಅಣ್ಣ ಹಡಗಿನಲ್ಲಿದ್ದ. ಹೋದಲ್ಲಿಂದ ಫುಟ್‌ಬಾಲಿನ ಪುಸ್ತಕ ಕಳಿಸುತ್ತಿದ್ದ. ಜುಜೆ ಮೀನು ಕರಿಯುತ್ತ ಅದರ ಕಥೆಗಳನ್ನು ಹೇಳುತ್ತಿದ್ದ. ಯುರೋಪಿನಲ್ಲಿ ಒಂದು ಬೆಳ್ಳಿಯ ಕಪ್ಪು ಇದೆಯಂತೆ, ಐವತ್ತೈದನೆಯ ಇಸವಿಯಲ್ಲಿ ಶುರುವಾದದ್ದು. ಒಂದೊಂದು ದೇಶದಲ್ಲಿ ಗೆದ್ದ ತಂಡ ಬಂದು ಅದಕ್ಕಾಗಿ ಆಡುತ್ತದಂತೆ. ಇಬ್ಬಿಬ್ಬರಿಗೆ ಗಂಟು ಹಾಕಿ, ಇವರ ಊರಿನಲ್ಲಿ ಒಂದಾಟ, ಅವರ ಊರಿನಲ್ಲಿ ಒಂದಾಟ, ಎರಡೂ ಕೂಡಿಸಿ ಲೆಕ್ಕ. ಮೊದಮೊದಲು ಸಮ ಬಂದರೆ ಮೂರನೆಯ ಊರಿಗೆ ಹೋಗಿ ಇನ್ನೊಮ್ಮೆ ಆಡುತ್ತಿದ್ದರಂತೆ. ಅಲ್ಲೂ ಸಮ ಬಂದರೆ ನಾಣ್ಯ ಚಿಮ್ಮುವುದು. ಇದು ಸರಿಯಲ್ಲವೆಂದು ಮುಂದೆ ಹೊಸ ಕಾನೂನು ತಂದರು. ಕೂಡಿಸಿದಾಗ ಸಮ ಬಂದರೆ, ಪರಊರಿಗೆ ಹೋಗಿ ಯಾರು ಹೆಚ್ಚು ಗೋಲು ಹೊಡೆದಿದ್ದಾರೋ ಅವರೇ ಗೆದ್ದಂತೆ.

ಅದನ್ನು ಕೇಳಿದ ದಿನ ಇನಾಯತ್ ಮೀನು ತಿನ್ನುವುದನ್ನು ಬಿಟ್ಟು ಕೂತಿದ್ದ. ಗುಡಿಸಲಿಗೆ ಬಂದ ಮೇಲೆ ಹೇಳಿದ್ದು ಲಕ್ಷ್ಮಣಪ್ಪನಿಗೆ ಇನ್ನೂ ನೆನಪಿದೆ.

"ಪರಊರಾಗ ಸುರಿಸಿದ ಬೆವರಿಗೆ ಒಂದು ಮುಷ್ಟಿ ಹೆಚ್ಚು ತೂಗೂ ಕಾನೂನು, ಜಗತ್ತಿನ್ಯಾಗ ಇದೊಂದ ನೋಡ ಲಕ್ಷ್ಮಣಾ."

ಊರಿಗೆ ಮರಳಿದ ಮೇಲೆ, ತೊಂಬತ್ತಾರರಲ್ಲಿ, ಇಬ್ಬರೂ ಸೇರಿ ತಮ್ಮದೇ ಕಪ್ಪು ಹೂಡಿದರು. ಜುಜೆಯ ಪುಸ್ತಕದಲ್ಲಿದ್ದ ಕಪ್ಪಿಗೆ ಆನೆಯಂಥ ಎರಡು ಕಿವಿ ಇದ್ದವು. ಅಣ್ಣಿಗೇರಿಯ ಬೆಸುಗೆಯವನಿಗೆ ಬಾಯಲ್ಲಿ ಹೇಳಿ ಕೊಡಕ್ಕೆ ಕಿವಿ ಕೂಡಿಸಿದರು. ಒಂದು ದೊಡ್ಡದಾಯಿತು, ಒಂದು ಸಣ್ಣದಾಯಿತು. ದೊಡ್ಡದು ಮೊರಬದ್ದು ಎಂದು ಇನಾಯತ್ ಅಂದರೆ, ಕಿವುಡರಿಗೆ ದೊಡ್ಡ ಕಿವಿಯೇ ಬೇಕು ಎಂದು ಲಕ್ಷ್ಮಣಪ್ಪ ಅನ್ನುತ್ತಿದ್ದ. ಮೊದಲ ಆಟ ಯಾವತ್ತೂ ಮೊರಬದಲ್ಲಿ, ಎರಡನೆಯದು ಯರಗುಪ್ಪಿಯಲ್ಲಿ. ಕಾನೂನೆಲ್ಲ ಯುರೋಪಿನದೇ. ಜಗಳ ಆಗಬಾರದೆಂದು ಇನಾಯತ್ ತನ್ನದೂ ಒಂದು ಸೇರಿಸಿದ್ದ. ಫಲವನ್ನು ಸೋತ ಊರಿನ ಹಿರಿಯನೇ ಎದ್ದು ನಿಂತು ಹೇಳಬೇಕು. ಅವನು ಹೇಳಿದ ಮೇಲೆ ಯಾರೂ ತುಟಿ ಬಿಚ್ಚಬಾರದು. ಇಪ್ಪತ್ತಾರು ವರ್ಷ, ಕೊರೊನಾದ ವರ್ಷ ಬಿಟ್ಟು, ಇದೇ ನಡೆದಿತ್ತು. ಒಂದು ಸಲವೂ ಕಲ್ಲು ತೂರಿರಲಿಲ್ಲ.

ಆ ವರ್ಷದ ಮೊದಲ ಆಟ ಮೊರಬದಲ್ಲಿ ಒಂದು–ಒಂದು ಆಗಿತ್ತು. ಆಟಕ್ಕೆ ಮುಂಚೆ ಬೇವಿನ ಗಿಡದ ಕೆಳಗೆ ಇಬ್ಬರೇ ಚಹಾ ಕುಡಿಯುತ್ತಿದ್ದಾಗ ಇನಾಯತ್ ಒಂದು ಸುದ್ದಿ ತೆಗೆದಿದ್ದ. ಪರಊರಿನ ಗೋಲಿನ ಕಾನೂನನ್ನು ಯುರೋಪಿನವರು ಹೋದ ವರ್ಷ ತೆಗೆದುಹಾಕಿದ್ದಾರಂತೆ; ನಾವು ಏನು ಮಾಡೋಣ ಎಂದು ಕೇಳಿದ.

"ಅವರದು ಅವರಿಗೆ, ನಮ್ಮದು ನಮಗ," ಅಂದಿದ್ದ ಲಕ್ಷ್ಮಣಪ್ಪ. "ಹಳೇದ ಇರ್ಲಿ ಬಿಡು."

ಆ ಮಾತನ್ನು ಕೇಳಿದ್ದು ಬೇವಿನ ಗಿಡ ಮಾತ್ರ.

ಈಗ ಯರಗುಪ್ಪಿಯಲ್ಲಿ ಮೊರಬದವರು ಎರಡು ಗೋಲು ಹೊಡೆದರು. ಯರಗುಪ್ಪಿ ಒಂದನ್ನು ತೀರಿಸಿತು. ಹೊತ್ತು ಮುಗಿಯಲು ಬಂದಾಗ ಲಕ್ಷ್ಮಣಪ್ಪನ ತಮ್ಮನ ಮಗ ಭೀಮೇಶ ನಾಲ್ವರನ್ನು ತಪ್ಪಿಸಿಕೊಂಡು ಹೋಗಿ ಎರಡನೆಯದನ್ನೂ ಹೊಡೆದ. ಜನ ಹೊಲದೊಳಗೆ ನುಗ್ಗಿದರು, ಟವೆಲ್ಲು ಹಾರಿದವು. ಸೀಟಿ ಬಿತ್ತು. ಆ ಗದ್ದಲದಲ್ಲಿ ಒಡ್ಡಿನ ಮೇಲೆ ಕೂತ ಇಬ್ಬರು ಮುದುಕರು ಮಾತ್ರ ಲೆಕ್ಕ ಹಾಕಿದ್ದರು, ಅದು ಸಾಲದು. ಕೂಡಿಸಿದರೆ ಮೂರು–ಮೂರು, ಸಮ. ಆದರೆ ಪರಊರಿನಲ್ಲಿ ಮೊರಬದ್ದು ಎರಡು, ಯರಗುಪ್ಪಿಯದು ಒಂದೇ. ಮೊರಬ ಗೆದ್ದಿತ್ತು. ಎದ್ದು ಹೇಳುವ ಪಾಳಿ ಲಕ್ಷ್ಮಣಪ್ಪನದು.

ಅವನು ಎದ್ದ. ಆರು ವರ್ಷದಿಂದ ಯರಗುಪ್ಪಿ ಆ ಕೊಡವನ್ನು ಗೆದ್ದಿರಲಿಲ್ಲ. ಮುನ್ನೂರು ಮುಖ ಅವನ ಕಡೆ ತಿರುಗಿದವು. ಭೀಮೇಶ ಏದುಸಿರು ಬಿಡುತ್ತ ಬಂದು ಅವನ ಮುಂದೆ ಫೋನು ಹಿಡಿದ.

"ದೊಡ್ಡಪ್ಪಾ, ಆ ಕಾನೂನು ಅಲ್ಲೇ ತಗದಾರ. ಇಲ್ಲೈತಿ, ನೋಡ್ರಿ. ಈಗ ಸಮ ಆದ್ರ ಪೆನಾಲ್ಟಿನ."

ಲಕ್ಷ್ಮಣಪ್ಪನಿಗೆ ಓದಲು ಬರುವುದು ಅಷ್ಟಕ್ಕಷ್ಟೆ. ಆದರೂ ಫೋನನ್ನು ಬಹಳ ಹೊತ್ತು ನೋಡಿದ. ಆಮೇಲೆ, ಇನಾಯತನ ಕಡೆ ತಿರುಗದೆ ಹೇಳಿದ. "ಸಮ ಆಗೈತಿ. ಆ ಕಾನೂನು ಈಗ ಇಲ್ಲ."

ಹೇಳಿದ ಮೇಲೆ ತಿರುಗಿ ನೋಡಿದ. ಇನಾಯತನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಗುರುತಿನವನೆಂದು ಒಬ್ಬನ ಹೆಗಲ ಮೇಲೆ ಕೈಯಿಟ್ಟು, ಅವನು ತಿರುಗಿದಾಗ ಬೇರೆ ಯಾರೋ ಎಂದು ತಿಳಿದು ಕೈ ತೆಗೆಯುತ್ತೇವಲ್ಲ, ಅಂಥ ನೋಟವಿತ್ತು.

ಪೆನಾಲ್ಟಿಯಲ್ಲಿ ಯರಗುಪ್ಪಿ ನಾಲ್ಕು ಹೊಡೆಯಿತು, ಮೊರಬ ಮೂರು. ಆಗ ಇನಾಯತ್ ಮೊಣಕಾಲು ಹಿಡಿದುಕೊಂಡು ಎದ್ದು ನಿಂತ. "ಯರಗುಪ್ಪಿ ಗೆದ್ದೈತಿ," ಅಂದ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಟೆಂಪೊ ಹತ್ತುವಾಗ ಮಾತ್ರ ಲಕ್ಷ್ಮಣಪ್ಪನಿಗೆ ಹೇಳಿದ, "ಬರೂ ವರ್ಷ ಮೊದಲನೇದು ನಮ್ಮೂರಾಗ. ಬರೂ ಪಾಳಿ ನಿಂದು."

ಮರುವರ್ಷ ಲಕ್ಷ್ಮಣಪ್ಪ ಹೋಗಲಿಲ್ಲ. ಹುಡುಗರು ಕೇಳಿದಾಗ ಮೈಗೆ ಹುಷಾರಿಲ್ಲ ಅಂದ. ಹಿರಿಯನಿಲ್ಲದೆ ಆಟವೂ ನಿಂತಿತು. ಅದರ ಮುಂದಿನ ವರ್ಷ ಹುಡುಗರು ಕೇಳಲೂ ಇಲ್ಲ. ಮೊರಬಕ್ಕೆ ತೋರಿಸುವ ಮುಖ ಅವನಲ್ಲಿರಲಿಲ್ಲ. ಕೊಡ ಗೂಡಿನಲ್ಲಿ ಕೂತಿತ್ತು. ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಅವನು ಸಣ್ಣ ಕಿವಿಯನ್ನೇ ಮುಂದೆ ಮಾಡಿಡುತ್ತಿದ್ದ. ದೊಡ್ಡದು ಗೋಡೆಯ ಕಡೆ.

ಇಪ್ಪತ್ನಾಲ್ಕರ ಮಳೆಗಾಲದ ಕೊನೆಗೆ ಮೊಮ್ಮಗಳು ಭಾಗ್ಯಾ ಕುಂದಗೋಳದ ಕಾಲೇಜಿನಿಂದ ಬಂದವಳು, ಯುರೋಪಿನ ಕಪ್ಪಿನ ರೀತಿಯೇ ಬದಲಾಗಿದೆ ಎಂದು ಅಜ್ಜನಿಗೆ ವಿವರಿಸಿದಳು. ಮೂವತ್ತಾರು ತಂಡಗಳಂತೆ, ಎಲ್ಲ ಒಂದೇ ಪಟ್ಟಿಯಲ್ಲಿ. ಒಬ್ಬೊಬ್ಬರಿಗೆ ಮೊದಲು ಎಂಟು ಆಟ, ಎಂಟೂ ಬೇರೆ ಬೇರೆ ತಂಡಗಳ ಜೊತೆ. ನಾಲ್ಕು ತಮ್ಮೂರಲ್ಲಿ, ನಾಲ್ಕು ಪರಊರಲ್ಲಿ.

"ಅಂದ್ರ, ಇವರು ಅವರೂರಿಗೆ ಹೋಗಿ ಬಂದ್ರು ಅನ್ನು. ಅವರು ತಿರುಗಿ ಇವರೂರಿಗೆ ಬರೂದಿಲ್ಲೇನು?"

"ಇಲ್ಲಜ್ಜಾ. ಒಂದ ಸಲ, ಮುಗೀತು. ಮುಂದ ನಾಕೌಟಿಗೆ ಹೋದವರದ್ದ ಎರಡೆರಡು."

ಲಕ್ಷ್ಮಣಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. ಭಾಗ್ಯಾ ನಕ್ಕಳು. "ನೀ ಯಾಕ ಸಪ್ಪಗಾದಿ? ಅವರೇನು ನಿನ್ನ ಬೀಗರೇನು?"

ಅಂದಿನಿಂದ ಅವನಿಗೆ ಒಂದೇ ಗುಂಗು. ಹೋದವರು ತಿರುಗಿ ಬರದಿದ್ದರೂ ನಡೆಯುತ್ತದೆ ಎಂದು ಅವರು ಬರೆದುಕೊಂಡಿರಬಹುದು. ತಾನು ಹಾಗೆ ಬರೆದುಕೊಟ್ಟಿಲ್ಲ. ಮೊರಬಕ್ಕೆ ಹೋಗಬೇಕು, ಇನಾಯತನ ಎದುರು ನಿಂತು ಸೋತ ಊರಿನ ಹಿರಿಯ ಹೇಳಬೇಕಾದ ಮಾತನ್ನು ಹೇಳಬೇಕು. ಬಿತ್ತುವಾಗ, ಕಳೆ ತೆಗೆಸುವಾಗ, ಒಬ್ಬನೇ ಇದ್ದಾಗೆಲ್ಲ ಆ ಮಾತನ್ನು ಬಾಯಿಗೆ ರೂಢಿ ಮಾಡಿಕೊಂಡ. ಎತ್ತುಗಳಿಗೆ ಅದು ಕೇಳಿ ಕೇಳಿ ಸಾಕಾಗಿರಬೇಕು. ಆದರೆ ಮೊದಲು ಬಿತ್ತನೆ ಮುಗಿಯಲಿ ಅಂದ. ಆಮೇಲೆ ಕಡಲೆ ಹೂವಾಡಲಿ ಅಂದ. ಜನವರಿಯ ಕೊನೆಗೆ, ಸೋಮವಾರ, ಕೊಡವನ್ನು ಪಂಚೆಯಲ್ಲಿ ಗಂಟು ಕಟ್ಟಿಟ್ಟ. ಮಂಗಳವಾರ ಮೊದಲ ಬಸ್ಸಿಗೆ ಹೊರಡುವುದೆಂದು. ಬೆಳಿಗ್ಗೆ ಎದ್ದಾಗ ಬುಧವಾರ ಅವರಾತ್ರಿ ಅಮಾವಾಸ್ಯೆ ಎಂದು ನೆನಪಾಯಿತು. ಒಳ್ಳೆಯ ಕೆಲಸಕ್ಕೆ ಹೊರಟವನು ಅಮಾವಾಸ್ಯೆ ಕಳೆದೇ ಹೋದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ, ಇನ್ನೆರಡು ದಿನ ಸಿಕ್ಕಿತಲ್ಲ ಎಂದು ಅವನ ಎದೆ ಹಗುರಾಗಿತ್ತು.

ಗುರುವಾರ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಮೊರಬದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಇನಾಯತನ ಮನೆಯ ಮುಂದೆ ಪೆಂಡಾಲು ಹಾಕಿತ್ತು. ಹೊಸ್ತಿಲ ಹೊರಗೆ ಸಾಲಾಗಿ ಚಪ್ಪಲಿಗಳು. ಒಳಗಿನಿಂದ ಲೋಬಾನದ ವಾಸನೆ. ಯಾರನ್ನೂ ಕೇಳಬೇಕಾಗಲಿಲ್ಲ. ಇನಾಯತ್ ತೀರಿ ಅಂದಿಗೆ ಮೂರನೆಯ ದಿನ, ಜಿಯಾರತ್.

ಒಳಗೆ ಹೋಗಿ ಪಡಸಾಲೆಯಲ್ಲಿ ಕೂತ. ಒಳಮನೆಯ ಬಾಗಿಲಿಗೆ ಪರದೆ ಬಿಟ್ಟಿತ್ತು. ಅದರ ಹಿಂದಿನಿಂದ ಇನಾಯತನ ಹೆಂಡತಿ ಫಾತಿಮಾಬಿಯ ದನಿ ಬಂತು.

"ಬಂದ್ರ್ಯಾ ಅಣ್ಣಾ."

"ಬಂದೆ ತಂಗಿ. ತಡ ಆತು."

"ಎರಡು ತಿಂಗಳಾತು ಹಾಸಿಗಿ ಹಿಡದು. ಮಂಗಳವಾರ ಮಧ್ಯಾಹ್ನ ಸುದ್ದಾ ಕೇಳಿದ್ರು, ಹುಬ್ಬಳ್ಳಿ ಬಸ್ಸು ಬಂತೇನು ಅಂತ. ಫೋನ್ ಹಚ್ಚಿಸ್ತೀನಿ ಅಂದೆ. ಬ್ಯಾಡ, ಪಾಳಿ ಅವಂದೈತಿ, ಅವನ ಬರ್ತಾನ ಅಂದ್ರು. ಸಂಜೀಕ ಹೋದ್ರು."

ಮಂಗಳವಾರದ ಮೊದಲ ಬಸ್ಸು ಮಧ್ಯಾಹ್ನಕ್ಕೆ ಮೊರಬ ಮುಟ್ಟುತ್ತಿತ್ತು. ಲಕ್ಷ್ಮಣಪ್ಪ ಗಂಟು ಬಿಚ್ಚಿ, ಕೊಡವನ್ನು ಪರದೆಯ ಹತ್ತಿರ ಸರಿಸಿ, ಇದು ಮೊರಬದ್ದು ಎಂದಷ್ಟೇ ಅಂದ.

ಪಕ್ಕದಲ್ಲಿ ಕೂತಿದ್ದ ಯಲ್ಲೇಶ ಎಂಬವನು ಕತ್ತೆತ್ತಿ ನೋಡಿದ. ಆ ವರ್ಷ ಮೊರಬಕ್ಕೆ ಎರಡನೆಯ ಗೋಲು ಹೊಡೆದವನು ಅವನೇ. "ಅದ್ಯಾಕ್ರಿ ಕಾಕಾ? ಆ ವರ್ಷ ನೀವ ಗೆದ್ದೀರಿ," ಅಂದ. ಆಟದಿಂದ ಮರಳುವಾಗ ಟೆಂಪೊದಲ್ಲಿ ತಾವೆಲ್ಲ ಯರಗುಪ್ಪಿಯ ಮುದುಕ ಮೋಸ ಮಾಡಿದ ಎಂದು ಕೂಗಾಡಿದ್ದನ್ನೂ, ಇನಾಯತ್ ಕಾಕಾ ಟೆಂಪೊ ನಿಲ್ಲಿಸಿ ಎಲ್ಲರಿಗೂ ಬೈದದ್ದನ್ನೂ ಹೇಳಿದ. "'ಹೊಸಾ ಕಾನೂನು ಆಗಲಿ ಅಂತ ಬೇವಿನ ಗಿಡದ ಬುಡಕ ನಾನ ಒಪ್ಪಿದ್ದೆ, ನಿಮಗ ಹೇಳೂದು ಮರತೆ' ಅಂದ್ರು. ಮರತಿದ್ದು ಅವರದ ತಪ್ಪು ಅಂತ ನಾವು ಎಂಟು ದಿನ ಅವರ ಜೋಡಿ ಮಾತ ಬಿಟ್ಟಿದ್ವಿ."

ಮೂರು ವರ್ಷ ಲಕ್ಷ್ಮಣಪ್ಪ ಮುಖ ತೋರಿಸದ ಊರಿನಲ್ಲಿ ಅವನ ಮೇಲೆ ಒಂದು ಮಾತೂ ಇರಲಿಲ್ಲ. ಇದ್ದದ್ದನ್ನೆಲ್ಲ ಇನಾಯತ್ ತನ್ನ ತಲೆಗೆ ಕಟ್ಟಿಕೊಂಡಿದ್ದ. ಈಗ ಸುಮ್ಮನೆ ಎದ್ದು ಹೋದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಅವನು ಎದ್ದು ಪೆಂಡಾಲಿನ ಕೆಳಗೆ ಬಂದು ನಿಂತ. ಉಣ್ಣಲು ಕೂತಿದ್ದವರಲ್ಲಿ ಹಳೆಯ ಆಟಗಾರರೂ ಇದ್ದರು.

"ಆ ವರ್ಷದ ಫಲ ಹೇಳಬೇಕಾಗೈತಿ," ಅಂದ. "ಮೊರಬದಾಗ ಒಂದು–ಒಂದು. ಯರಗುಪ್ಪ್ಯಾಗ ಎರಡು–ಎರಡು. ಪರಊರಾಗ ನಮ್ಮದು ಒಂದು, ನಿಮ್ಮದು ಎರಡು. ಮೊರಬ ಗೆದ್ದೈತಿ. ಬೇವಿನ ಗಿಡದ ಬುಡಕ ಹಳೇ ಕಾನೂನ ಇರ್ಲಿ ಅಂದಾವ ನಾನು. ಇನಾಯತ್ ಸುಳ್ಳು ಹೇಳ್ಯಾನ, ನನ್ನ ಸಲುವಾಗಿ."

ಯಾರಾದರೂ ಬೈದಾರು ಎಂದು ಕಾಯ್ದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಹಿರಿಯ ಫಲ ಹೇಳಿದ ಮೇಲೆ ತುಟಿ ಬಿಚ್ಚಬಾರದೆಂದು ಆ ಹುಡುಗರಿಗೆ ಇನಾಯತ್ ಕಲಿಸಿದ್ದ. ಯಾರೂ ಬಿಚ್ಚಲಿಲ್ಲ. ಒಳಗೆ ಪರದೆಯ ಕೆಳಗಿನಿಂದ ಒಂದು ಕೈ ಬಂದು ದೊಡ್ಡ ಕಿವಿ ಹಿಡಿದು ಕೊಡವನ್ನು ಒಳಗೆ ಎಳೆದುಕೊಂಡಿತು.

ಯಲ್ಲೇಶ ಅವನನ್ನು ಬಸ್ಸಿನ ತನಕ ಬಿಟ್ಟು ಬಂದ. ಬೇವಿನ ಗಿಡ ದಾಟುವಾಗ ಲಕ್ಷ್ಮಣಪ್ಪ ಒಂದು ಗಳಿಗೆ ನಿಂತ, ಅಷ್ಟೆ.

ಇನಾಯತ್ ಹೋದದ್ದು ಮಂಗಳವಾರ ಸಂಜೆ, ಅಮಾವಾಸ್ಯೆಯ ಹಿಂದಿನ ದಿನ. ಲಕ್ಷ್ಮಣಪ್ಪ ಮೊರಬದಿಂದ ಬರಿಗೈಯಲ್ಲಿ ಹೋದದ್ದು ಗುರುವಾರ, ಮೂರು ಗಂಟೆಯ ಬಸ್ಸಿಗೆ.