ಮೂರನೇ ಮೆಟ್ಟಿಲಿನ ಸಪ್ಪಳ

ಟಕ್, ಸರ್ರ್, ಟಕ್, ಸರ್ರ್ — ಅರಮನೆಯೊಳಗೆ ಮಹಾರಾಜ ಬರುತ್ತಿದ್ದಾನೆ, ಒಂದು ಕಾಲು ಊರಿ ಇನ್ನೊಂದನ್ನು ಎಳೆದುಕೊಂಡು, ಪಾಪ, ಯಾವ ಯುದ್ಧದಲ್ಲೂ ಗಾಯಗೊಳ್ಳದ ಮಹಾರಾಜ, ಸುಮಂಗಲಾ ಇಯರ್‌ಫೋನು ಒತ್ತಿಕೊಂಡು ನಗುತ್ತಾಳೆ, ಪಕ್ಕದ ಸೀಟಿನ ಶೈಲಶ್ರೀ ಟೀಚರು ಏನ್ ಮೇಡಂ ಒಬ್ರೇ ನಗಾಕತ್ತೀರಿ, ಏನಿಲ್ರಿ, ಹಳೇ ರೇಡಿಯೋ ನಾಟಕ — ಹೊಸಪೇಟೆಯಿಂದ ದೋಣಿಮಲೈ ಶಾಲೆಗೆ ಹೋಗುವ ಈ ಸ್ಟಾಫ್ ಬಸ್ಸಿನ ಹೊತ್ತಿಗೂ ಒಂದು ನಾಟಕದ ಹೊತ್ತಿಗೂ ಸರಿಹೊಂದುತ್ತದೆ, ಕಂಪ್ಲಿಯ ಅಕ್ಕಿ ಗಿರಣಿಯ ಅಂದಾನಪ್ಪನವರು ಪುಣ್ಯಾತ್ಮರು, ಮೂವತ್ತು ವರ್ಷದ ಹಿಂದೆ ರೇಡಿಯೋ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಯಾರೂ ಕೆಮ್ಮಬ್ಯಾಡ್ರಿ ಎಂದು ಮನೆಮಂದಿಗೆಲ್ಲ ಗದರಿ ತುಂಬಿಸಿಕೊಂಡ ಕ್ಯಾಸೆಟ್ಟುಗಳನ್ನು ಈಗ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ ಹಳೇ ನಾಟಕದವರ ವಾಟ್ಸಾಪ್ ಗ್ರೂಪಿನಲ್ಲಿ ಲಿಂಕು ಹಾಕುತ್ತಾರೆ, ಮುನ್ನೂರು ಜನ ಡೌನ್‌ಲೋಡ್ ಮಾಡಿ ಕೇಳುತ್ತಾರೆ, ಎಂಥ ನಾಟಕಗಳು, ಮುಖವಿಲ್ಲ ಬಣ್ಣವಿಲ್ಲ, ಬರೀ ಕಿವಿಯಲ್ಲೇ ಮಳೆ ಸುರಿಯುತ್ತದೆ, ಕುದುರೆ ಓಡುತ್ತದೆ — ಮೊರದಲ್ಲಿ ಜೋಳ ಆಡಿಸಿದರೆ ಮಳೆ, ತೆಂಗಿನ ಚಿಪ್ಪು ಬಡಿದರೆ ಕುದುರೆ, ಎಕ್ಸ್‌ರೇ ಹಾಳೆ ಅಲುಗಿಸಿದರೆ ಗುಡುಗು, ಎಲ್ಲ ಅವಳ ಅಪ್ಪನ ಕೆಲಸ, ರೇಡಿಯೋ ಕೇಂದ್ರದಲ್ಲಿ ಸಪ್ಪಳ ಮಾಡುತ್ತಿದ್ದ ಪಕೀರಪ್ಪ, ಕೊನೆಯಲ್ಲಿ ಎಲ್ಲರ ಹೆಸರೂ ಓದುತ್ತಿದ್ದರು, ಅವನದು ಬರುವಷ್ಟರಲ್ಲಿ ವೇಳೆ ಮುಗಿದುಹೋಗುತ್ತಿತ್ತು — ನಡೆಯುವ ಸಪ್ಪಳಕ್ಕೆ ಮಾತ್ರ ಯಾವ ಸಾಮಾನೂ ಇಲ್ಲ, ಮರಳಿನ ತಟ್ಟೆಯಲ್ಲಿ, ಹಲಗೆಯ ಮೇಲೆ ತಾನೇ ನಡೆಯುತ್ತಿದ್ದ, ಪೋಲಿಯೊ ಬಡಿದ ಎಡಗಾಲು ಎಳೆಯುತ್ತ, ಹಾಗಾಗಿ ಆ ಕೇಂದ್ರದ ನಾಟಕಗಳಲ್ಲಿ ಮಹಾರಾಜ, ಕಳ್ಳ, ಮದುಮಗಳು, ಪೋಸ್ಟ್‌ಮ್ಯಾನ್, ಎಲ್ಲರ ನಡಿಗೆಯೂ ಒಂದೇ. ಯಾವ ಕೇಳುಗನೂ ಪತ್ರ ಬರೆದು ತಕರಾರು ಮಾಡಲಿಲ್ಲ.

ಈಗ ತಕರಾರು ಬಂದಿದೆ, ಅದೂ ಪ್ರೀತಿಯಿಂದ, ಬೆಳಿಗ್ಗೆ ಅಂದಾನಪ್ಪನವರ ದನಿಯಲ್ಲೇ — ಎಲ್ಲಾ ನಾಟಕದಾಗೂ ಸರ್ರ್ ಅಂತ ಒಂದು ಸಪ್ಪಳ ಬರ್ತೈತಿ ನೋಡ್ರಿ, ಕ್ಯಾಸೆಟ್ಟಿನ ರೀಲು ತೊಡರಿದ್ದು, ಅದನ್ನ ತಗಿಯೋ ಸಾಫ್ಟ್‌ವೇರ್ ಸಿಕ್ಕೈತಿ, ಒಂಬತ್ತಕ್ಕ ಪೂಜಿ ಮುಗಿಸಿ ಕುಂದ್ರತೀನಿ, ಹಳೇವು ಅಳಿಸಿ ಹೊಸಾವು ಹಾಕ್ತೀನಿ — ಜೊತೆಗೆ ಸ್ವಚ್ಛ ಮಾಡಿದ್ದೊಂದು ಮಾದರಿ, ಪೋಸ್ಟ್‌ಮ್ಯಾನ್ ಬರುವ ದೃಶ್ಯ, ಹೆಜ್ಜೆಯೇ ಇಲ್ಲ, ಯಾರೂ ಬರದೆ ಬಾಗಿಲು ಬಡಿಯುತ್ತದೆ, ಅದರ ಕೆಳಗೆ ಸಾಲಾಗಿ ಹೆಬ್ಬೆಟ್ಟುಗಳು, ಸೂಪರ್ ಸರ್, ಮಸ್ತ್ ಸರ್. ಅವಳ ಫೋನಿನಲ್ಲಿ ಜಾಗವಿಲ್ಲದೆ ಉಳಿಸಿಕೊಂಡಿರುವುದು ಹನ್ನೊಂದೇ, ಮಿಕ್ಕ ನೂರಾರು ನಾಟಕ ಅವರ ಕಂಪ್ಯೂಟರಿನಲ್ಲಿವೆ, ಗಂಟೆ ಎಂಟೂ ಮುಕ್ಕಾಲು, ಸಂಡೂರು ದಾಟಿ ಗುಡ್ಡದ ತಿರುವು ಹತ್ತಿದರೆ ಸಿಗ್ನಲ್ ಇಲ್ಲ. ಎರಡು ಸಲ ಮಾತು ಮುದ್ರಿಸಿ ಅಳಿಸಿದಳು, ಸರ್ ಅದನ್ನ ತಗೀಬ್ಯಾಡ್ರಿ, ಯಾಕೆ ಅಂದರೆ, ಯಾಕೆ ಅಂದರೆ —

ಅವಳ ಏಳನೇ ತರಗತಿ, ಅಂಕಪಟ್ಟಿಗೆ ಸಹಿ ಹಾಕಲು ಬಂದ ಅಪ್ಪ ಶಾಲೆಯ ಅಂಗಳದಲ್ಲಿ ಟಕ್, ಸರ್ರ್, ಹುಡುಗಿಯರು ಬಾಯಿಗೆ ಲಂಗ ಒತ್ತಿ ನಗುತ್ತಿದ್ದಾರೆ, ಯಾರಲೇ ಅವರು ಅಂದಳೊಬ್ಬಳು, ಯಾರೋ, ನಮ್ಮ ಓಣ್ಯಾಗಿನವ್ರು ಅಂದುಬಿಟ್ಟಳು ಸುಮಂಗಲಾ, ಅಪ್ಪ ಎರಡೇ ಮಾರು ದೂರದಲ್ಲಿದ್ದ, ಕೇಳಿಸಿಕೊಂಡ, ಸಪ್ಪಳದಲ್ಲೇ ಬದುಕಿದವನಿಗೆ ಕೇಳಿಸದೆ ಇರುತ್ತದೆಯೇ — ಚಿತ್ತವಾಡಗಿಯ ಮನೆಗೆ ಐದು ಮೆಟ್ಟಿಲು, ಮೂರನೆಯದರಲ್ಲಿ ಅಪ್ಪ ಯಾವಾಗಲೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ, ಅವತ್ತು ಸಂಜೆ ಭಾಳ ಹೊತ್ತು ನಿಂತ, ಅವ್ವ ಯಮನಮ್ಮ ಒಳಗಿನಿಂದ ಯಾಕ ಅಲ್ಲೇ ನಿಂತೀರಿ ಬರ್ರಿ, ಬಂದ, ಅವಳ ತಲೆ ಸವರಿ ಗಣಿತದಾಗ ಚಲೋ ಬಂದಾವ ನೋಡವ್ವಾ ಅಂದ, ಮತ್ತೆಂದೂ ಶಾಲೆಯ ಕಡೆ ಬರಲಿಲ್ಲ, ಎರಡು ವರ್ಷಕ್ಕೆ ತೀರಿಯೇ ಹೋದ. ಅವನ ದನಿ ಎಲ್ಲಿಯೂ ಉಳಿದಿಲ್ಲ, ಉಳಿದಿರುವುದು ಆ ಕಾಲೊಂದೇ.

ಬಸ್ಸಿನವರೆಲ್ಲ ತಿರುಗಿ ನೋಡಿದರೆ ನೋಡಲಿ, ಗುಂಡಿ ಒತ್ತಿ ಜೋರಾಗಿಯೇ, ಸರ್, ಅದು ರೀಲು ತೊಡರಿದ್ದಲ್ಲರಿ, ನಮ್ಮಪ್ಪನ ಕಾಲು, ಕುಂಟಗಾಲು, ಅಷ್ಟೂ ಮಂದಿಯ ಬದಲಿ ಅವರೊಬ್ರೇ ನಡದಾರ್ರಿ — ಕಳಿಸಿದಳು, ಒಂದು ಗೀಟು, ಎರಡು ಗೀಟು, ನೀಲಿ, ಶೈಲಶ್ರೀ ಟೀಚರು ಅವಳ ಕೈ ಹಿಡಿದುಕೊಂಡಿದ್ದಾರೆ, ಅಂದಾನಪ್ಪನವರ ದನಿ ಮರಳಿ ಬರುತ್ತದೆ, ಅವ್ವಾ, ಮೂವತ್ತು ವರ್ಷ ಕ್ಯಾಸೆಟ್ಟಿಗೆ ಬೈದೀನಲ್ಲವಾ, ಎಂಥಾ ಮನಷ್ಯಾ, ಒಂದನ್ನೂ ಮುಟ್ಟಂಗಿಲ್ಲ, ಎಲ್ಲಾ ನಾಟಕದ ಮುಂದೂ ಹೆಸರು ಹಾಕ್ತೀನಿ, ಯಾರವ್ವಾ ಅವರು, ಏನು ಹೆಸರು — ಯಾರಲೇ ಅವರು — ಬೆರಳು ಬೇಗಬೇಗ ಬರೆಯುತ್ತದೆ, ಪಕೀರಪ್ಪ, ನಮ್ಮಪ್ಪ, ಹೋಯಿತು, ಗುಡ್ಡ ಬಂತು, ಸಿಗ್ನಲ್ ಸತ್ತಿತು, ಫೋನಿನೊಳಗಿನ ಹಳೆಯ ಪೋಸ್ಟ್‌ಮ್ಯಾನನ್ನು ಹಚ್ಚುತ್ತಾಳೆ, ಮೆಟ್ಟಿಲು ಹತ್ತುತ್ತಿದ್ದಾನೆ, ಟಕ್, ಸರ್ರ್, ಒಂದು, ಟಕ್, ಸರ್ರ್, ಎರಡು, ಟಕ್, ಸರ್ರ್, ಮೂರು, ನಿಂತ, ಉಸಿರು, ನಾಟಕವನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ ಮತ್ತೆ, ಒಂದು, ಎರಡು, ಮೂರನೇ ಮೆಟ್ಟಿಲು, ನಿಂತ, ಬಾ ಅಪ್ಪಾ, ಮತ್ತೆ, ಮೂರನೇ ಮೆಟ್ಟಿಲು, ನಿಂತ