ಸ್ಟಾರ್ಟ್ ಆಗದ ಗಾಡಿ

"ಸ್ಟಾರ್ಟ್ ಆಗಲ್ಲ ಮೇಡಂ," ಎಂದ ವಸಂತ, ಮೂರನೆಯ ಸಲ.

ಚೂಡಾಮಣಿಗೆ ಅವನ ಹೆಬ್ಬೆರಳು ಕಾಣುತ್ತಿತ್ತು. ಅದು ಬಟನ್ನನ್ನು ಒತ್ತುತ್ತಿತ್ತು, ನಿಜ. ಆದರೆ ಅದರ ಮೇಲಿನ ಕೆಂಪು ಸ್ವಿಚ್ಚು ಆಫ್ ಆಗಿತ್ತು. ಅದು ಆಫ್ ಇದ್ದರೆ ಯಾವ ಗಾಡಿಯೂ ಸ್ಟಾರ್ಟ್ ಆಗುವುದಿಲ್ಲ. ಆರು ವರ್ಷ ಇದನ್ನು ಓಡಿಸಿದವನಿಗೆ ಅಷ್ಟು ಗೊತ್ತಿಲ್ಲವೆ?

ಚಾಮರಾಜಪೇಟೆಯ ಆ ಮನೆಯ ಗೇಟಿಗೂ ಮೆಟ್ಟಿಲಿಗೂ ನಡುವಿನ ಇಕ್ಕಟ್ಟಿನಲ್ಲಿ ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಕೊಂಡಿತ್ತು. ನಾನೂರು ಸಿಸಿ ಬೈಕು. ಎತ್ತರದ ಸೀಟು, ಕಲ್ಲುಮಣ್ಣಿನ ದಾರಿಗೆಂದೇ ಮಾಡಿದ ದಪ್ಪ ಹಲ್ಲಿನ ಟೈರು.

"ಮೊನ್ನೆ ಫೋನಲ್ಲಿ ಏನೂ ತೊಂದ್ರೆ ಇಲ್ಲ ಅಂದ್ರಲ್ಲ?"

"ಮೊನ್ನೆ ಇರ್ಲಿಲ್ಲ. ನಿನ್ನೆಯಿಂದ ಹಿಂಗೆ." ಅವನು ತಲೆಯೆತ್ತಲಿಲ್ಲ. "ಎಂಜಿನ್ ಕೆಲ್ಸ ಬರುತ್ತೆ. ನಿಮಗ್ಯಾಕೆ ಮೇಡಂ ಈ ತಲೆನೋವು? ಲೇಡೀಸ್‌ಗೆ ವೆಯ್ಟ್ ಜಾಸ್ತಿ ಬೇರೆ."

ಮಾರುವವನೇ ತನ್ನ ಸರಕನ್ನು ಹೀಗೆ ಹಳಿಯುವುದನ್ನು ಅವಳು ಕಂಡಿರಲಿಲ್ಲ.

ಹದಿನೇಳು ವರ್ಷದಿಂದ ಅವಳು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದಳು. ಕಲ್ಲುಗಳನ್ನು ಮರದ ಪೆಟ್ಟಿಗೆಯಿಂದ ತೆಗೆದು ಮಕ್ಕಳಿಗೆ ತೋರಿಸುವುದು, ಮತ್ತೆ ಪೆಟ್ಟಿಗೆಗೆ ಹಾಕುವುದು. ನಲವತ್ತಮೂರನೆಯ ವಯಸ್ಸಿನಲ್ಲಿ, ಆ ಕಲ್ಲುಗಳು ಹುಟ್ಟಿದ ಕಡೆಗೆ, ಕಾರು ಹೋಗದ ಕಡೆಗೆ, ತಾನೇ ಹೋಗಬೇಕೆನ್ನಿಸಿತು. ಒಂದು ವರ್ಷ ಭಾನುವಾರಗಳಲ್ಲಿ ಊರಾಚೆಯ ಮೈದಾನದಲ್ಲಿ ಬಾಡಿಗೆ ಗಾಡಿಯ ಮೇಲೆ ಬಿದ್ದು ಎದ್ದು ಕಲಿತಳು. ತರಚಿದ ಮೊಣಕಾಲಿಗೆ ಮುಲಾಮು ಹಚ್ಚಿದವನು ಗಂಡ ಕಶ್ಯಪನೇ. ಈ ಗಾಡಿಯ ಜಾಹೀರಾತನ್ನೂ ಇಬ್ಬರೂ ಸೋಫಾದಲ್ಲಿ ಒತ್ತಿಕೊಂಡು ಕೂತು ಒಂದೇ ಫೋನಿನಲ್ಲಿ ನೋಡಿದ್ದರು.

"ತಗೋ. ನಾನ್ಯಾವತ್ತು ನಿಂಗೆ ಬೇಡ ಅಂದಿದೀನಿ?" ಎಂದಿದ್ದ.

ನಿಜವೇ. ಸ್ಟಾಫ್ ರೂಮಿನಲ್ಲಿ ಅವಳು ಇದನ್ನು ಹೇಳಿಕೊಳ್ಳುತ್ತಿದ್ದಳು, ಕೇಳದವರಿಗೂ.

ಚೂಡಾಮಣಿ ಕೈಚಾಚಿ ಕೆಂಪು ಸ್ವಿಚ್ಚನ್ನು ಆನ್ ಮಾಡಿ, ಬಟನ್ ಒತ್ತಿದಳು. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಸ್ವಲ್ಪ ಹೊತ್ತು ಅದರ ಸದ್ದನ್ನು ಕೇಳಿಸಿಕೊಂಡಳು. ಯಾವ ದೋಷವೂ ಇರಲಿಲ್ಲ. ಕೀ ತಿರುಗಿಸಿ ನಿಲ್ಲಿಸಿದಳು.

"ಯಾಕೆ ಸುಳ್ಳು ಹೇಳಿದ್ರಿ? ಬೇರೆ ಯಾರಿಗಾದ್ರೂ ಕೊಡ್ಬೇಕಾ?"

"ಹಂಗೇನಿಲ್ಲ ಮೇಡಂ."

"ಮತ್ತೆ?"

"ಬಿಡಿ ಮೇಡಂ. ನಿಮ್ಮನೆ ವಿಷ್ಯ."

ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಚಿಕ್ಕಮುನಿಯಮ್ಮನಿಗೆ ತಡೆಯಲಾಗಲಿಲ್ಲ. "ಹೇಳ್ಬಿಡೋ ಅತ್ಲಾಗೆ. ನಿನ್ನೆ ಸಾಯಂಕಾಲ ನಿಮ್ಮ ಯಜಮಾನ್ರು ಬಂದಿದ್ರು ಕಣಮ್ಮ. ಇಲ್ಲೇ ಕೂತು ಕಾಫಿ ಕುಡುದ್ರು. 'ಗಾಡಿ ಕೆಟ್ಟೋಗಿದೆ ಅಂದ್ಬಿಡಿ, ನಾನು ಬೇಡ ಅಂದ್ರೆ ನೊಂದ್ಕೊಳ್ತಾಳೆ' ಅಂದ್ರು. ಬಂಗಾರದಂಥ ಮನುಷ್ಯ. ನಮ್ಮೋರಾಗಿದ್ರೆ ಕೈ ಎತ್ತೋರು. ಪುಣ್ಯ ಮಾಡಿದೀಯ ತಾಯಿ."

ಅವಳಿಗೆ ಕೋಪ ಬರಬೇಕಿತ್ತು. ಬಂದದ್ದು ನೆನಪುಗಳು. ಮೈಸೂರಿನ ಕಾಲೇಜಿನಿಂದ ಕೆಲಸಕ್ಕೆ ಕರೆ ಬರುತ್ತದೆಂದು ಎರಡು ತಿಂಗಳು ಕಾದಿದ್ದಳು; ಬರಲಿಲ್ಲ. ಬೆಟ್ಟ ಹತ್ತಲು ಹೊರಟ ಗುಂಪಿನಲ್ಲಿ ಕೊನೆಗಳಿಗೆಯಲ್ಲಿ ಅವಳೊಬ್ಬಳಿಗೆ ಜಾಗವಿಲ್ಲದಂತಾಯಿತು. ಪಿಎಚ್‌ಡಿ ಮಾಡಿಸುತ್ತಿದ್ದ ರಾಮಸ್ವಾಮಿಯವರು ಇದ್ದಕ್ಕಿದ್ದಂತೆ "ಆರೋಗ್ಯ ಸರಿಯಿಲ್ಲಮ್ಮ, ಬೇರೆಯವ್ರನ್ನ ನೋಡ್ಕೋ" ಎಂದರು. ಆಮೇಲೂ ಎಷ್ಟೋ ವರ್ಷ ಲಾಲ್‌ಬಾಗಿನಲ್ಲಿ ಬಿರುಸಾಗಿ ನಡೆಯುತ್ತಿದ್ದರು. ಪ್ರತಿ ಸಲವೂ ಕಶ್ಯಪ ಅವಳ ಕೈಹಿಡಿದು "ಹೋಗ್ಲಿ ಬಿಡು" ಎಂದಿದ್ದ.

ಅಲ್ಲೆಲ್ಲ ಇವನು ಹೋಗಿ ಕಾಫಿ ಕುಡಿದು ಬಂದಿದ್ದನೆ? ಹೋಗಿರಲಿಕ್ಕಿಲ್ಲ. ಹೋಗಿರಬಹುದು. ಇನ್ನು ತಿಳಿಯುವ ಹಾಗಿರಲಿಲ್ಲ. ಇಷ್ಟು ದಿನ ತನ್ನ ಸೋಲುಗಳಾದರೂ ತನ್ನವು ಎಂದುಕೊಂಡಿದ್ದಳು.

"ಪೇಪರ್ಸ್ ಕೊಡಿ," ಎಂದಳು.

"ಸರ್‌ಗೆ ಮಾತು ಕೊಟ್ಟಿದೀನಿ ಮೇಡಂ."

"ನಂಗೂ ಕೊಟ್ಟಿದ್ರಿ. ಅವರಿಗಿಂತ ಮುಂಚೆ."

ವಸಂತ ತಾಯಿಯ ಮುಖ ನೋಡಿದ. ಆಕೆ ಅವರೆಕಾಯಿಯ ಕಡೆ ತಿರುಗಿದಳು. ಸಹಿಗಳಾದವು.

ಬಸವನಗುಡಿಯ ಮನೆಗೆ ದೂರವೇನಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಕಾಲಿನ ತುದಿಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಪಕ್ಕದ ಆಟೋದವನು ಬೆರಗಾಗಿ ನೋಡಿದ. ಸಂತೋಷಪಡಬೇಕಾದ ಗಳಿಗೆ ಇದೇ ಎಂದು ಅವಳಿಗೆ ಗೊತ್ತಿತ್ತು. ಆದರೆ ಬೇರೆ ಯಾರಿಗೋ ಸೇರಬೇಕಾದ ಪಾರ್ಸೆಲ್ಲನ್ನು ಹಿಡಿದು ನಿಂತಂತಿತ್ತು. ಗಂಡನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿದಳು. ಎಲ್ಲವೂ ಧಾರಾವಾಹಿಯ ಹೆಂಡತಿಯ ಮಾತುಗಳಾಗಿ ಕೇಳಿಸಿದವು. ಹೊಡೆಯುವ ಗಂಡನಿಗೆ ಏನು ಹೇಳಬೇಕೆಂದು ಎಲ್ಲರಿಗೂ ಗೊತ್ತು. ಮುಲಾಮು ಹಚ್ಚುವವನಿಗೆ?

ಕಶ್ಯಪ ಗೇಟಿನಲ್ಲೇ ನಿಂತಿದ್ದ. ಗಾಡಿಯನ್ನು ಕಂಡು ಅವನ ಮುಖ ಒಂದು ಕ್ಷಣ ಖಾಲಿಯಾಯಿತು. ಆಮೇಲೆ ನಗು ಬಂತು.

"ಅರೆ, ತಂದೇಬಿಟ್ಯಲ್ಲ! ಕಂಡಿಷನ್ ಹೇಗಿದೆ?"

"ನೀವೇ ಹೇಳಿ."

"ನಾನೆಲ್ಲಿ ನೋಡಿದೀನಿ?"

ಅವನ ಕಣ್ಣು ಕದಲಲಿಲ್ಲ. ಎಷ್ಟು ಸಲೀಸು! ಚಿಕ್ಕಮುನಿಯಮ್ಮನ ಹೆಸರು ಅವಳ ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟರೆ ಅವನು ಅತ್ತಾನು; ಅತ್ತರೆ ಸಮಾಧಾನ ಮಾಡಬೇಕಾದವಳು ತಾನೇ.

"ಚೆನ್ನಾಗಿದೆ," ಎಂದಳು.

"ಗುಡ್. ಬಿಸಿಲಿಗೆ ಪೇಂಟ್ ಹೋಗುತ್ತೆ, ಇರು."

ಅವನು ಒಳಗಿನಿಂದ ಹಳೆಯ ಕಾರಿನ ಪ್ಲಾಸ್ಟಿಕ್ ಕವರನ್ನು ತಂದ. ಗಾಡಿಗೆ ಅದು ತೀರ ದೊಡ್ಡದು. ಎರಡು ಸುತ್ತು ಸುತ್ತಿ, ಚಕ್ರದ ಕೆಳಗೆ ಮಡಿಸಿ ತೂರಿಸಿ, ನೈಲಾನ್ ಹಗ್ಗ ತೆಗೆದುಕೊಂಡು ಬಗ್ಗಿ ಕೂತ. ಮಗುವಿಗೆ ಸ್ವೆಟರ್ ತೊಡಿಸುವವನ ಮುತುವರ್ಜಿ. ಹ್ಯಾಂಡಲ್ಲು ಮುಚ್ಚಿತು, ಸೀಟು ಮುಚ್ಚಿತು. ಒಳಗಿರುವುದು ಏನೆಂದು ಹೇಳಲಾಗದ ಒಂದು ಗುಡ್ಡೆ ಉಳಿಯಿತು.

"ಈಗ ಸೇಫು," ಎಂದ.

ಅವಳು ಹೂಂಗುಟ್ಟಿದಳು. ಸೈಲೆನ್ಸರ್ ಇನ್ನೂ ಬಿಸಿಯಾಗಿತ್ತು. ಕವರಿನ ಒಂದು ಮಗ್ಗುಲು ಮೆಲ್ಲಗೆ ಸುರುಟಿಕೊಂಡು ಒಳಕ್ಕೆ ಅಂಟತೊಡಗಿತು. ಪ್ಲಾಸ್ಟಿಕ್ ಸುಡುವ ವಾಸನೆ ಎದ್ದಿತು. ಅವನಿಗೂ ಬಂದಿರಲೇಬೇಕು. ಅವನು ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿಕೊಂಡು ಗಂಟನ್ನು ಇನ್ನಷ್ಟು ಬಿಗಿದ. ಅವಳು ಹಗ್ಗದ ಇನ್ನೊಂದು ತುದಿಯನ್ನು ಹಿಡಿದುಕೊಂಡು ನಿಂತಿದ್ದಳು.