ಏನಾಗಬೇಕು

ವೆಂಕಟರತ್ನಮ್ಮ ಎಂಬ ಉದ್ದದ ಹೆಸರಿದ್ದರೂ ಚಿನ್ನದ ಗಣಿ ಊರಿನ ನಂದಿದುರ್ಗದ ಲೈನುಮನೆಗಳಲ್ಲಿ ಅವಳು ಬರೀ ರತ್ನಿ. ಹದಿನಾರು ತುಂಬಿದ ಈ ರತ್ನಿಗೆ ಹಿಡಿದಿದ್ದು ಒಂದೇ ಹುಚ್ಚು, ದಿಲ್ಲಿಗೆ ಹೋಗಬೇಕು. ದಿಲ್ಲಿಯಲ್ಲಿ ಅವಳಿಗೆ ನೆಂಟರೂ ಇರಲಿಲ್ಲ, ಇಷ್ಟರೂ ಇರಲಿಲ್ಲ. ಬೂದಿಕೋಟೆ ಕಡೆಯಿಂದ ಬಂದು ಗಣಿ ಸೇರಿದ ಅವಳಪ್ಪ ಸೊಣ್ಣಪ್ಪ ದಿನಾ ಹೋಗಿಬರುತ್ತಿದ್ದ ದೂರವೆಲ್ಲ ನೆಲದ ಕೆಳಗಿನದೇ. ಆದರೆ ರಾಬರ್ಟ್‌ಸನ್‌ಪೇಟೆಯ ಶಾಲೆಯಲ್ಲಿ ಗೈಡ್ಸ್ ತಂಡ ನಡೆಸುತ್ತಿದ್ದ ಆದಿಲಕ್ಷ್ಮಮ್ಮ ಟೀಚರ್ ಮೂರು ವರ್ಷದ ಹಿಂದೆ ಒಂದು ದಿನ ಹೇಳಿದ್ದರು: ಎಲ್ಲ ಬ್ಯಾಡ್ಜು ಗಳಿಸಿ, ಕೊನೆಗೆ ಸೇವೆಯ ಪರೀಕ್ಷೆಯಲ್ಲೂ ಗೆದ್ದ ಹುಡುಗಿಯನ್ನು ರೈಲಿನಲ್ಲಿ ದಿಲ್ಲಿಗೆ ಕರೆದುಕೊಂಡು ಹೋಗಿ ಪ್ರಶಸ್ತಿ ಕೊಡುತ್ತಾರೆ. ಅಲ್ಲಿಂದ ರತ್ನಿಯ ನಿದ್ದೆ ಕೆಟ್ಟಿತು.

ರೈಲೆಂದರೆ ಮೊದಲಿಂದಲೂ ಅವಳಿಗೆ ಹಾಗೆಯೇ. ಗಣಿ ಊರಿನ ಗಾಡಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಸುಸ್ತಾಗಿ ನಿಂತುಬಿಡುತ್ತದೆ. ಮುಂದಿನ ಲೋಕಕ್ಕೆಲ್ಲ ಅಲ್ಲಿಂದ ಬೇರೆ ರೈಲು ಹತ್ತಬೇಕು. ಅಜ್ಜಿಯ ಊರಿಗೆ ಹೋಗುವಾಗ ಬೂದಿಕೋಟೆ ಬಸ್ಸು ತಪ್ಪಿದರೂ ಸರಿ, ದೊಡ್ಡ ರೈಲು ಹೊರಡುವುದನ್ನು ನೋಡದೆ ಅವಳು ಪ್ಲಾಟ್‌ಫಾರಂ ಬಿಡುತ್ತಿರಲಿಲ್ಲ. ಕಿಟಕಿಯ ಮುಖಗಳು ಒಂದೊಂದಾಗಿ ಸರಿದು ಮರೆಯಾಗುವ ತನಕ ಕಣ್ಣು ಕೀಳುತ್ತಿರಲಿಲ್ಲ. ಅವಳ ತಾಯಿ ತೀರಿಕೊಂಡಾಗ ಇವಳಿನ್ನೂ ಅಂಬೆಗಾಲಿಡುತ್ತಿದ್ದಳು. ಮುಖವೇ ನೆನಪಿಲ್ಲದವಳಿಗಾಗಿ ಹಂಬಲಿಸುವುದಾದರೂ ಹೇಗೆ? ಆ ಹಂಬಲವನ್ನೆಲ್ಲ ಪಾಪ, ರೈಲಿನ ಮೇಲೆ ಹೊರಿಸಿದ್ದಳು.

ಬ್ಯಾಡ್ಜುಗಳು ಬಂದವು. ಅಡುಗೆಯದಕ್ಕೆ ಕಷ್ಟವಾಗಲಿಲ್ಲ, ಚಿಕ್ಕಂದಿನಿಂದ ಅಪ್ಪನಿಗೆ ಮುದ್ದೆ ತೊಳಸಿದ ಕೈ. ಪ್ರಥಮ ಚಿಕಿತ್ಸೆಗೆ ಲೈನಿನ ಮಕ್ಕಳೆಲ್ಲ ಗಾಯವಿಲ್ಲದೆಯೇ ಬ್ಯಾಂಡೇಜು ಸುತ್ತಿಸಿಕೊಂಡು ಮೆರೆದವು. ಜನರ ಮುಂದೆ ನಿಂತು ಮಾತಾಡಲು ಹೋಗಿ ಮೊದಲ ಸಲ ಅತ್ತೇಬಿಟ್ಟಳು, ಮರುವರ್ಷ ಗೆದ್ದಳು. ಉಳಿದದ್ದು ಸೇವೆ. ಕೈಲಾಗದ ಒಬ್ಬರನ್ನು ಆರಿಸಿಕೊಂಡು ವರ್ಷವಿಡೀ ನೋಡಿಕೊಳ್ಳಬೇಕು.

"ಒಂದು ಮಾತು ನೆನಪಿಟ್ಕೋ. ಅವರು ನಿನ್ನ ನೆಂಟರಾಗಿರಬಾರದು. ಮನೆಯವರಿಗೆ ಮಾಡಿದ್ದು ಸೇವೆ ಅಲ್ಲ, ಕರ್ತವ್ಯ," ಎಂದರು ಟೀಚರ್.

ರತ್ನಿ ಆರಿಸಿಕೊಂಡದ್ದು ಹಿಂದಿನ ಸಾಲಿನ ಮನೆಯಲ್ಲಿದ್ದ, ಕಣ್ಣಿಗೆ ಪೊರೆ ಬಂದು ನೋಟವೇ ಹೋಗಿದ್ದ ಒಬ್ಬ ಹೆಂಗಸನ್ನು. ಗಂಡ ಮುನಿಶಾಮಿ ಗಣಿಗಿಳಿದರೆ ಸೈರನ್ ಕೂಗುವ ತನಕ ಅವಳೊಬ್ಬಳೇ, ಮಕ್ಕಳಾಗಿರಲಿಲ್ಲ. ಹೆಸರು ಕೇಳಿದರೆ, "ಪೆದ್ದಮ್ಮ," ಎಂದಳು. ರತ್ನಿ ಕಿಸಕ್ಕನೆ ನಕ್ಕಳು.

"ಯಾಕೆ ಪಿಲ್ಲಾ ನಗ್ತೀಯಾ?"

"ಕನ್ನಡದಾಗೆ ಪೆದ್ದಿ ಅಂದ್ರೆ ದಡ್ಡಿ."

"ತೆಲುಗುದಾಗೆ ಪೆದ್ದಮ್ಮ ಅಂದ್ರೆ ದೊಡ್ಡಮ್ಮ. ನಿಂಗ್ಯಾವ್ದು ಬೇಕೋ ಅದ್ನ ಇಟ್ಕೋ ಓಗು."

ಹೀಗೆ ಶುರುವಾಯಿತು. ನಲ್ಲಿಯಿಂದ ನೀರು ತರುವುದು, ತಲೆ ಬಾಚುವುದು, ಚಿನ್ನ ತೆಗೆದು ಸುರಿದ ಪುಡಿಯ ಸೈನೈಡ್ ದಿಬ್ಬದಿಂದ ಗಾಳಿಗೆ ಹಾರಿಬಂದ ಮರಳನ್ನು ಗುಡಿಸುವುದು. ನೆಲದೊಳಗೆ ಬಂಡೆ ಸಿಡಿದು ಮನೆಯ ಪಾತ್ರೆಗಳೆಲ್ಲ ಗಲಗಲ ಎಂದಾಗ ಇಬ್ಬರೂ ಕೈ ಹಿಡಿದು ಕೂರುತ್ತಿದ್ದರು, ಒಬ್ಬಳಿಗೆ ಗಂಡ ಕೆಳಗೆ, ಒಬ್ಬಳಿಗೆ ಅಪ್ಪ. ಬಾಗಿಲಲ್ಲಿ ಹೆಜ್ಜೆ ಕೇಳಿದರೆ ಪೆದ್ದಮ್ಮ, "ಎವರದಿ?" ಎನ್ನುತ್ತಿದ್ದಳು. "ನಾನು, ಪೆದ್ದಮ್ಮಾ," ಎನ್ನುತ್ತಿದ್ದಳು ರತ್ನಿ. ಒಳಗೆ ಬಂದ ಕೂಡಲೇ ಪೆದ್ದಮ್ಮ ಅವಳ ಯೂನಿಫಾರ್ಮಿನ ತೋಳು ತಡವಿ ಬ್ಯಾಡ್ಜು ಗುರುತು ಹಿಡಿಯುವಳು: ಇದು ಸೌಟಿಂದು, ಇದು ಗಾಯಕ್ಕೆ ಬಟ್ಟೆ ಸುತ್ತೋದು. ಬೆರಳು ಖಾಲಿ ಜಾಗಕ್ಕೆ ಬಂದು ನಿಲ್ಲುವುದು.

"ಇಲ್ಲಿಗಿನ್ನೂ ಬರ್ಲಿಲ್ವಾ?"

"ಇಲ್ಲ ಪೆದ್ದಮ್ಮಾ. ಅದು ಬಂದ್ರೆ ದಿಲ್ಲಿಗೆ ಓಗ್ತೀನಿ."

"ಓಗು ತಲ್ಲಿ, ಓಗು. ವಾಪಸ್ ಬತ್ತೀಯಲ್ಲಾ?"

ಈ ಮಾತು ಕೇಳಿದಾಗೆಲ್ಲ ರತ್ನಿಗೆ ಅವಳನ್ನು ಅಮ್ಮಾ ಎನ್ನಬೇಕೆನಿಸುತ್ತಿತ್ತು. ಬೀದಿಯ ಹೆಂಗಸರನ್ನೆಲ್ಲ ಅಮ್ಮಾ ಎಂದು ಕರೆಯುವುದು ಬೇರೆ. ಇವಳನ್ನು ಕರೆಯಲು ಹೋದರೆ ಆ ಪದ ನಾಲಿಗೆಗೆ ಬರುತ್ತಿರಲಿಲ್ಲ. ಅವಳ ಹೆಸರಿನ ಬಾಲದಲ್ಲೇ ಒಂದು ಅಮ್ಮ ಇದ್ದುದರಿಂದ ಹೇಗೋ ನಡೆದುಹೋಗಿತ್ತು.

ವರ್ಷ ಕಳೆಯಿತು. ಬೆಂಗಳೂರಿನಿಂದ ಗೈಡ್ಸ್ ಕಮಿಷನರ್ ಬಂದು ಕೂಲಂಕಷವಾಗಿ ವಿಚಾರಿಸುತ್ತಾರೆಂದು ಸುದ್ದಿ ಬಂತು. "ಅವ್ರು ಏನು ಕೇಳ್ತಾರೋ ಅದಕ್ಕೆ ನಿಂಗೆ ತೋಚಿದ್ದು ಹೇಳು," ಎಂದಷ್ಟೇ ರತ್ನಿ ಪೆದ್ದಮ್ಮನಿಗೆ ಹೇಳಿದಳು. ಹೇಳಿಕೊಟ್ಟು ಹೇಳಿಸುವುದು ಗೈಡ್ ಆದವಳಿಗೆ ತರವಲ್ಲ ಎಂಬ ಬಿಂಕ. ಆದರೆ ಪೆದ್ದಮ್ಮನ ಪಕ್ಕದ ಮನೆಯ ಪಾಪಕ್ಕನಿಗೆ ಇಂಥ ಬಿಂಕವೇನೂ ಇರಲಿಲ್ಲ.

"ಕಮಿಷನರ್ ಅಂದ್ರೆ ಸುಮ್ನೇನಾ? ಯಾರದೋ ಮನೆ ಮಗೀನ ಕೈಲಿ ನೀರು ತರುಸ್ತೀಯಲ್ಲ, ಇನ್ ಬಿಡ್ತಾರಾ ಅದನ್ನ ನಿನ್ ಮನೆಗೆ?" ಎಂದು ಪೆದ್ದಮ್ಮನ ಬಾಗಿಲಿಗೇ ಹೋಗಿ ಕೂಗಿ ಬಂದಳು. ರತ್ನಿ ಕೇಳಿಸಿಕೊಂಡು ನಕ್ಕಳು. ಆಗ ನಗಬಾರದಿತ್ತು.

ಭಾನುವಾರ ಬೆಳಿಗ್ಗೆ ಕಮಿಷನರ್ ಬಂದರು. ಬಿಳಿ ಸೀರೆ, ದಪ್ಪ ಕನ್ನಡಕ, ಮೆತ್ತನೆಯ ದನಿ. ಗುಡಿಸಿದ ಮೂಲೆ, ತುಂಬಿದ ಕೊಡ, ನೀಟಾಗಿ ಬಾಚಿದ ಪೆದ್ದಮ್ಮನ ತಲೆ, ಎಲ್ಲ ನೋಡಿ ಮೆಚ್ಚಿದರು. ಆದಿಲಕ್ಷ್ಮಮ್ಮ ಟೀಚರ್ ಹಿಂದಿನಿಂದ ಕಣ್ಣಲ್ಲೇ, ಆಯಿತು ಬಿಡು, ಎಂದರು. ರತ್ನಿಯ ಕಿವಿಯಲ್ಲಿ ರೈಲು ಕೂಗಿತು.

"ಕೊನೆಯದಾಗಿ ಒಂದು ಕೇಳ್ತೀನಿ," ಎಂದು ಕಮಿಷನರ್ ಪೆದ್ದಮ್ಮನ ಕಡೆ ಬಗ್ಗಿದರು. "ಈ ಹುಡುಗಿ ನಿಮಗೆ ಏನಾಗಬೇಕು?"

ಪೆದ್ದಮ್ಮ ದನಿ ಬಂದ ಕಡೆಯಿಂದ ಹಿಂದೆ ಸರಿದಳು. ಕೈ ಗಾಳಿಯಲ್ಲಿ ತಡಕಾಡಿ ರತ್ನಿಯ ಮಣಿಕಟ್ಟು ಹಿಡಿಯಿತು, ಬಿಟ್ಟರೆ ಎತ್ತಿಕೊಂಡೇ ಹೋಗುತ್ತಾರೆ ಎನ್ನುವ ಹಾಗೆ.

"ಮಗಳಾಗ್ಬೇಕಮ್ಮಾ," ಎಂದಳು. "ನನ್ ಮಗಳಾಗ್ಬೇಕು."

"ಅಯ್ಯೋ, ಇಲ್ಲ ಮೇಡಂ!" ಟೀಚರ್ ಮುಂದೆ ಬಂದರು. ಕಮಿಷನರ್ ಕೈಯೆತ್ತಿ ತಡೆದರು.

"ಗೈಡ್ ಆಡಿದ ಮಾತು ನಂಬಬೇಕಾದ್ದು. ಅವಳೇ ಹೇಳಲಿ. ಏನಮ್ಮಾ, ಇವರು ನಿನಗೆ ಏನಾಗಬೇಕು?"

ಏನೂ ಆಗಬೇಕಾಗಿಲ್ಲ. ಇಷ್ಟು ಹೇಳಿದರೆ ಸಾಕಿತ್ತು. ಊರೆಲ್ಲ ಒಪ್ಪುವ ನಿಜ, ದಿಲ್ಲಿಯವರೆಗೆ ರೈಲು ಹತ್ತಿಸುವ ನಿಜ. ರತ್ನಿ ಬಾಯಿ ತೆರೆದಳು. ಮಣಿಕಟ್ಟಿನ ಮೇಲಿನ ಬೆರಳುಗಳು ಇನ್ನಷ್ಟು ಬಿಗಿಯಾದವು. ಏನೂ ಆಗಬೇಕಾಗಿಲ್ಲ ಎಂಬ ಮಾತನ್ನು ಆ ಬೆರಳುಗಳೂ ಕೇಳಿಸಿಕೊಳ್ಳುತ್ತವೆ ಎಂದು ಅವಳಿಗೆ ಹೊಳೆದುಬಿಟ್ಟಿತು.

"ಅಮ್ಮ ಆಗ್ಬೇಕು," ಎಂದಳು.

ಕಮಿಷನರ್ ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮಗಳು, ತಾಯಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾಳೆ. ಆದರೆ ನಿಯಮ ನಿಯಮವೇ ಎಂದು ಬೇಸರದಿಂದಲೇ ಹೇಳಿ ಹೊರಟರು. ಲೈನಿನ ಕೊನೆಯವರೆಗೆ ಅವರ ಹಿಂದೆ ಹೋಗಿದ್ದ ಟೀಚರ್ ಉರಿಯುತ್ತ ವಾಪಸು ಬಂದು ರತ್ನಿಯನ್ನು ಹೊರಗೆಳೆದರು.

"ಮೂರು ವರ್ಷದ ಶ್ರಮ ನೀರಲ್ಲಿ ಹೋಮ ಆಯ್ತು. ಅದೂ ಹೋಗಲಿ, ಸುಳ್ಳು ಹೇಳಿದೆಯಲ್ಲೇ!"

"ಸುಳ್ಳಲ್ಲ ಟೀಚರ್. ಏನಾಗ್ಬೇಕು ಅಂತ ಕೇಳಿದ್ರು, ಅದನ್ನೇ ಹೇಳ್ದೆ. ಏನಾಗಿದಾರೆ ಅಂತ ಕೇಳ್ಲಿಲ್ಲ."

ಟೀಚರ್ ಅವಳ ತೋಳು ಬಿಟ್ಟು ಕಮಿಷನರ್ ಹೋದ ದಾರಿ ಹಿಡಿದರು.

ಒಳಗೆ ಪೆದ್ದಮ್ಮ ಗೆದ್ದವಳ ಹಾಗೆ ನಗುತ್ತ ಕೂತಿದ್ದಳು. "ಎಂಥಾ ಸುಳ್ಳು ಯೋಳಿದ್ವಿ ನೋಡು ಇಬ್ರೂವೇ! ಇನ್ ನೀನು ಇಲ್ಲಿಗೆ ಬರೋದನ್ನ ಯಾರೂ ತಡೆಯಲ್ಲ ಬಿಡು." ರತ್ನಿ ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಮನಸಾರೆ ಅತ್ತಳು. ದಿಲ್ಲಿ ಅಷ್ಟು ಬೇಕಾಗಿತ್ತು ಅವಳಿಗೆ.

ಆ ವರ್ಷ ದಿಲ್ಲಿಗೆ ಹೊರಟದ್ದು ಕೋಲಾರದ ಹುಡುಗಿ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೀಳ್ಕೊಡಲು ಗೈಡ್‌ಗಳೆಲ್ಲ ಸಾಲಾಗಿ ನಿಂತರು. ರತ್ನಿ ಮೂರು ಬೆರಳೆತ್ತಿ ಸೆಲ್ಯೂಟ್ ಹೊಡೆದಳು. ರೈಲಿನ ಕಿಟಕಿಗಳು ಎಂದಿನಂತೆ ಅವಳ ಮುಂದೆಯೇ ಸರಿದವು. ಕೊನೆಯ ಡಬ್ಬಿ ಚುಕ್ಕೆಯಾಗುವ ತನಕ ನಿಂತಿದ್ದು, ಗಣಿ ಊರಿನ ಗಾಡಿ ಹತ್ತಿದಳು.

ಬಾಗಿಲಲ್ಲಿ ಹೆಜ್ಜೆ ಕೇಳಿ ಪೆದ್ದಮ್ಮ ತಲೆಯೆತ್ತಿದಳು. "ಎವರದಿ?"

"ನಾನು."

ಅವಳು ಪಕ್ಕದಲ್ಲಿ ಕೂತ ಕೂಡಲೇ ಪೆದ್ದಮ್ಮನ ಕೈ ತೋಳಿಗೆ ಬಂತು. ಸೌಟಿಂದು ಸಿಕ್ಕಿತು, ಗಾಯದ್ದು ಸಿಕ್ಕಿತು. ಬೆರಳು ಜಾರಿ ಖಾಲಿ ಜಾಗಕ್ಕೆ ಬಂದು ನಿಂತಿತು.

"ಇಲ್ಲಿಗಿನ್ನೂ ಬರ್ಲಿಲ್ವಾ?"

"ಇಲ್ಲ... ಅಮ್ಮಾ."

ಬೆರಳು ಅಲ್ಲೇ ಉಳಿಯಿತು. ಹೊರಗೆ ನಲ್ಲಿಯ ಹತ್ತಿರ ಪಾಪಕ್ಕ ಯಾರನ್ನೋ ಬಯ್ಯುತ್ತಿದ್ದಳು.

"ಏನಂದೆ?" ಎಂದಳು ಪೆದ್ದಮ್ಮ.

"ಇನ್ನೂ ಬಂದಿಲ್ಲ ಅಂದೆ."

"ಅದಲ್ಲ ಪಿಲ್ಲಾ. ಆಮೇಕೆ ಏನೋ ಅಂದ್ಯಲ್ಲ. ಈಗ ಇಲ್ಲಿ ಯಾವ ಕಮಿಷನರ್ರೂ ಇಲ್ಲ. ಇನ್ನೊಂದ್ ಕಿತ ಅನ್ನು."